ಪ್ರೀತಿ ಬಂದ ಮೇಲೆ ಆಕೆ ಎಲ್ಲಿಗೆ ಹೋದಳು?

ಹೈದರಾಬಾದಿನ ಬೇಗಂ ಬಜಾರಿನಲ್ಲಿ ನಮ್ಮ ಖಾಲಾ ಅವರ ಮನೆ ಇದೆ. ಕೆಳಗೆ ಸ್ಟೀಲು, ಹಿತ್ತಾಳೆ ಪಾತ್ರೆಗಳ ಅಂಗಡಿ, ಮೇಲೆ ಮನೆ. ಬೀದರ್‌ನಿಂದ ಮದುವೆಯಾಗಿ ಹೋಗಿ ಮೂವತ್ತು ವರ್ಷ ಆಯಿತು. ಆದರೂ ನನ್ನ ಜೊತೆ ಮಾತಾಡುವಾಗ ತವರಿನ ಕನ್ನಡ ಬಿಟ್ಟಿಲ್ಲ. ಹಗಲು ಅಂಗಡಿಯ ಲೆಕ್ಕ ಅವರದು. ಯಾವ ವ್ಯಾಪಾರಿ ಎಷ್ಟು ಬಾಕಿ ಕೊಡಬೇಕು, ಹಿತ್ತಾಳೆ ಈ ವಾರ ಕಿಲೋಗೆ ಎಷ್ಟು ಎಂದು ಕೇಳಿದರೆ ಪುಸ್ತಕ ತೆಗೆಯದೆ ಹೇಳುತ್ತಾರೆ. ರಾತ್ರಿ ಟಿವಿ. ಅದರಲ್ಲಿ ತೆಲುಗು ಧಾರಾವಾಹಿ, ಕನ್ನಡ ಧಾರಾವಾಹಿ, ನಡುವೆ ಉರ್ದು ಡ್ರಾಮಾ ಎಲ್ಲವೂ ಇರುತ್ತದೆ. ಮೂರೂ ಭಾಷೆ ಬರುವ ಮನೆ ಅದು.

ಕಳೆದ ಸಲ ಹೋದಾಗ ಖಾಲಾ ಟಿವಿ ನೋಡುತ್ತಲೇ ಒಂದು ಮಾತು ಹೇಳಿದರು: "ಈಕೀ ಮೊದಲ ಹಿಂಗ ಇರಲಿಲ್ಲ ನೋಡು. ಕಾಲೇಜಿನಾಗ ನಾಲ್ಕು ಮಂದೀನ ಒಬ್ಬಾಕಿನೇ ಎದುರಿಸ್ತಿದ್ಳು. ಪ್ಯಾರ್ ಆತು, ಮುಗೀತು. ಈಗ ಬರೀ ಅಳೂದು, ಇಲ್ಲಾ ಬಾಗಿಲಾಗ ನಿಂತು ಕಾಯೂದು."

ನಾವೆಲ್ಲ ನಕ್ಕೆವು. ಖಾಲಾ ಅವರ ಮಗಳು ಮಾತ್ರ ನಗಲಿಲ್ಲ. ಅದಕ್ಕೆ ಕಾರಣ ಇತ್ತು. ಆಮೇಲೆ ಹೇಳುತ್ತೇನೆ.

ಖಾಲಾ ಒಂದೇ ಮಾತಿನಲ್ಲಿ ಹೇಳಿದ್ದು ನಮ್ಮ ಎಲ್ಲ ಭಾಷೆಗಳ ಟಿವಿಗೂ ಅನ್ವಯಿಸುವ ವಿಷಯ. ಗಟ್ಟಿ ಹೆಣ್ಣನ್ನು ತೋರಿಸಿ ಕಥೆ ಶುರು ಮಾಡುತ್ತಾರೆ. ಅವಳಿಗೆ ಪ್ರೀತಿ ಹುಟ್ಟಿದ ಕೂಡಲೇ ಅವಳ ಗಟ್ಟಿತನ ಕರಗುತ್ತದೆ. ಇದು ಯಾಕೆ ಆಗುತ್ತದೆ, ಹೇಗೆ ಆಗುತ್ತದೆ, ನೋಡುವ ನಮಗೆ ಇದರಿಂದ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಒಂದೇ ಎಲುಬಿನ ಎರಡು ಕಥೆ

ಮೊದಲು ಎರಡು ಉದಾಹರಣೆ ತೆಗೆದುಕೊಳ್ಳಿ. ಒಂದು ಪಾಕಿಸ್ತಾನದ 'ಜಿಂದಗಿ ಗುಲ್ಜಾರ್ ಹೈ'. ಉಮೇರಾ ಅಹ್ಮದ್ ಬರೆದದ್ದು, ಸುಲ್ತಾನಾ ಸಿದ್ದೀಖಿ ನಿರ್ದೇಶಿಸಿದ್ದು. 2012ರ ಕೊನೆಯಲ್ಲಿ ಅಲ್ಲಿ ಶುರುವಾಯಿತು. 2014ರ ಜೂನ್‌ನಲ್ಲಿ ಭಾರತದಲ್ಲಿ 'ಜಿಂದಗಿ' ಚಾನೆಲ್ ಬಂದಾಗ ಇಲ್ಲಿಯೂ ಪ್ರಸಾರವಾಯಿತು. ಹೈದರಾಬಾದ್, ಬೀದರ್, ಕಲಬುರಗಿಯ ಉರ್ದು ಮನೆಗಳಲ್ಲಿ ಅದನ್ನು ನೋಡದವರು ಕಡಿಮೆ.

ಇನ್ನೊಂದು ಜೀ ಕನ್ನಡದ 'ಪುಟ್ಟಕ್ಕನ ಮಕ್ಕಳು'. 2021ರ ಡಿಸೆಂಬರ್‌ನಲ್ಲಿ ಶುರುವಾಯಿತು, ಪುಟ್ಟಕ್ಕನಾಗಿ ಉಮಾಶ್ರೀ. ಇದರ ಮೂಲ 2019ರಲ್ಲಿ ಜೀ ತೆಲುಗುವಿನಲ್ಲಿ ಬಂದ 'ರಾಧಮ್ಮ ಕೂತುರು'. ಅಂದರೆ ನಮ್ಮ ಖಾಲಾ ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ನೋಡಿದ್ದಾರೆ.

ಈ ಉರ್ದು ಕಥೆಗೂ ಕನ್ನಡ-ತೆಲುಗು ಕಥೆಗೂ ಸಂಬಂಧ ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ಎಲುಬು ಎಷ್ಟು ಒಂದೇ ಥರ ಇದೆ ನೋಡಿ. ಎರಡರಲ್ಲೂ ಮೂರು ಹೆಣ್ಣುಮಕ್ಕಳನ್ನು ಹೆತ್ತಳು ಎಂದು ಗಂಡ ಹೆಂಡತಿಯನ್ನು ದೂರ ಮಾಡಿ ಇನ್ನೊಂದು ಮದುವೆ ಆಗುತ್ತಾನೆ. ಎರಡರಲ್ಲೂ ತಾಯಿ ದುಡಿದು ಮಕ್ಕಳನ್ನು ಓದಿಸುತ್ತಾಳೆ. ಒಬ್ಬಳು ಶಾಲೆಯಲ್ಲಿ ಕಲಿಸುತ್ತಾಳೆ, ಇನ್ನೊಬ್ಬಳು ಮೆಸ್ ನಡೆಸುತ್ತಾಳೆ. ಎರಡರಲ್ಲೂ ಒಬ್ಬ ಮಗಳು ದೊಡ್ಡ ಅಧಿಕಾರಿಯಾಗಿ ತೋರಿಸುತ್ತೇನೆ ಎಂದು ಹಠ ಹಿಡಿಯುತ್ತಾಳೆ. ಅಲ್ಲಿ ಕಶಫ್, ಇಲ್ಲಿ ಸ್ನೇಹಾ. ಎರಡರಲ್ಲೂ ಆ ಹುಡುಗಿ ತಾನು ಮೊದಲು ಸಹಿಸದಿದ್ದ ಗಂಡಸನ್ನೇ ಕೊನೆಗೆ ಕೈಹಿಡಿಯುತ್ತಾಳೆ.

ಕಥೆ ಶುರುವಾಗುವಾಗ ಪ್ರಶ್ನೆ ಬಹಳ ದೊಡ್ಡದು: ಹೆಣ್ಣುಮಕ್ಕಳನ್ನು ಬೇಡ ಅಂದ ಲೋಕಕ್ಕೆ ಈ ಹುಡುಗಿ ಏನು ಉತ್ತರ ಕೊಡುತ್ತಾಳೆ? ಪ್ರೀತಿ ಬಂದ ಮೇಲೆ ಆ ಪ್ರಶ್ನೆ ಸದ್ದಿಲ್ಲದೆ ಬದಲಾಗುತ್ತದೆ: ಇವಳು ಆ ಮನೆಗೆ ಹೊಂದಿಕೊಳ್ಳುತ್ತಾಳಾ?

ಕಶಫ್ ವಿಷಯದಲ್ಲಿ ನ್ಯಾಯವಾಗಿ ಹೇಳಬೇಕು. ಅವಳು ಕೆಲಸ ಬಿಡುವುದಿಲ್ಲ. ಅಧಿಕಾರಿಯಾಗಿಯೇ ಉಳಿಯುತ್ತಾಳೆ. ಹಾಗಾಗಿಯೇ ಬಹಳ ಹುಡುಗಿಯರಿಗೆ ಅವಳು ಇಷ್ಟವಾದಳು. ಆದರೆ ಕಥೆ ಯಾರಿಗೆ ಬಹುಮಾನ ಕೊಡುತ್ತದೆ, ಯಾರಿಗೆ ಶಿಕ್ಷೆ ಕೊಡುತ್ತದೆ ಎಂದು ನೋಡಿ. ನಾಯಕ ಜರೂನ್‌ನ ಮಾತಿಗೆ ತಲೆ ಬಾಗದ ಅಸ್ಮಾರಾಳ ನಿಶ್ಚಿತಾರ್ಥ ಮುರಿಯುತ್ತದೆ. ತನ್ನಿಷ್ಟದಂತೆ ಇರುತ್ತೇನೆ ಎನ್ನುವ ಅವನ ಸೋದರಿ ಸಾರಾಳ ಮದುವೆ ಮುರಿಯುತ್ತದೆ. ಕೆಲಸಕ್ಕೂ ಹೋಗಿ, ಗಂಡ ಬಯಸಿದಂತೆ ಮನೆಯನ್ನೂ ನೋಡಿಕೊಳ್ಳುವ ಕಶಫ್ ಮಾತ್ರ ಬಾಳುತ್ತಾಳೆ. ನಮ್ಮ ಕೈಗೆ ಸಿಗುವ ಪಾಠ ಏನು? ಗಟ್ಟಿಯಾಗಿರು, ಆದರೆ ಮನೆಯ ಹೊರಗೆ.

ಸ್ನೇಹಾಳ ಕಥೆಯಲ್ಲಿ ಕಂಠಿ ತಾನು ಯಾರೆಂದು ಮುಚ್ಚಿಟ್ಟು ಅವಳ ಪ್ರೀತಿ ಗಳಿಸುತ್ತಾನೆ. ಆಮೇಲೆ ಆ ಗುಟ್ಟು, ಮದುವೆ, ಅತ್ತೆ ಬಂಗಾರಮ್ಮನ ಜೊತೆಗಿನ ಜಟಾಪಟಿ ಇವುಗಳಿಗೇ ಹೆಚ್ಚು ಕಂತುಗಳು ಹೋಗುತ್ತವೆ. 2024ರ ಕೊನೆಯ ಹೊತ್ತಿಗೆ ಆ ಪಾತ್ರ ಮಾಡುತ್ತಿದ್ದ ನಟಿ ಧಾರಾವಾಹಿ ಬಿಟ್ಟರು. ಅಪಘಾತದಲ್ಲಿ ಸ್ನೇಹಾ ಸತ್ತಳು ಎಂದು ತೋರಿಸಿ, ಅವಳ ಹೃದಯವನ್ನು ಸ್ನೇಹಾ ಎಂಬ ಹೆಸರಿನ ಇನ್ನೊಬ್ಬ ಹುಡುಗಿಗೆ ಜೋಡಿಸಿ ಕಥೆ ಮುಂದುವರಿಸಿದರು. ನಟಿ ಬಿಟ್ಟುಹೋದಾಗ ಏನಾದರೂ ಮಾಡಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಆ ನಾಯಕಿಯಲ್ಲಿ ಕಥೆಗೆ ಬೇಕಾಗಿದ್ದದ್ದು ಏನು ಎಂಬುದು ಇದರಿಂದ ಗೊತ್ತಾಗುತ್ತದೆ. ಹೃದಯವನ್ನು ಇನ್ನೊಬ್ಬಳಿಗೆ ಕೊಡಲು ಬರುತ್ತದೆ. ರಾತ್ರಿಯೆಲ್ಲಾ ಕೂತು ಓದಿದ ಓದನ್ನು ಕೊಡಲು ಬರುವುದಿಲ್ಲ.

ಕರಗಿಸುವುದು ಹೇಗೆ?

ಇದು ಒಂದು ದಿನದಲ್ಲಿ ಆಗುವುದಿಲ್ಲ. ಹಾಗಾಗಿಯೇ ನಮಗೆ ಗೊತ್ತಾಗುವುದಿಲ್ಲ. ನಾನು ಗಮನಿಸಿದ ನಾಲ್ಕು ದಾರಿ ಹೇಳುತ್ತೇನೆ.

ಮೊದಲನೆಯದು, ಗುರಿಯ ಜಾಗಕ್ಕೆ ಗಂಡು ಬರುವುದು. ಮೊದಲು ಅವಳ ಪರೀಕ್ಷೆ, ಅವಳ ಕೆಲಸ, ಅವಳ ತಾಯಿಯ ಸಾಲ ಇವೇ ಕಥೆಯನ್ನು ಮುಂದೆ ತಳ್ಳುತ್ತಿದ್ದವು. ಆಮೇಲೆ ಅವನ ಸಿಟ್ಟು, ಅವನ ಹಳೆಯ ಗುಟ್ಟು, ಅವನ ಮನೆಯ ಆಸ್ತಿ ತಳ್ಳುತ್ತವೆ. ಅವಳು ಅಳುವುದೂ ಅವನಿಗಾಗಿ, ನಗುವುದೂ ಅವನಿಗಾಗಿ.

ಎರಡನೆಯದು, ಅವಳ ಬುದ್ಧಿ ಕಳೆದುಹೋಗುವುದು. ಹತ್ತು ಮಂದಿಯ ಸುಳ್ಳನ್ನು ಒಂದು ನೋಟಕ್ಕೆ ಹಿಡಿಯುತ್ತಿದ್ದವಳು ಈಗ ಎದುರಿಗೇ ಕೂತು ಹಾಲಿಗೆ ಏನೋ ಬೆರೆಸುವವಳನ್ನು ಗುರುತಿಸುವುದಿಲ್ಲ. ಅಪಹರಣ ಆಗುತ್ತಾಳೆ, ತಲೆ ತಿರುಗಿ ಬೀಳುತ್ತಾಳೆ, ಅವನು ಬಂದು ಬಿಡಿಸುತ್ತಾನೆ. ಅವನನ್ನು ದೊಡ್ಡವನನ್ನಾಗಿ ಮಾಡಲು ಅವಳನ್ನು ಚಿಕ್ಕವಳನ್ನಾಗಿ ಮಾಡುತ್ತಾರೆ.

ಮೂರನೆಯದು, ಅದೇ ಗುಣಕ್ಕೆ ಬೇರೆ ಹೆಸರು ಇಡುವುದು. ಮೊದಲು ಧೈರ್ಯ ಎಂದು ಹೊಗಳಿದ್ದನ್ನು ಈಗ ಕೊಬ್ಬು ಅನ್ನುತ್ತಾರೆ. ಮೊದಲು ನೇರ ಮಾತು, ಈಗ ದುಡುಕು. ಕೊನೆಗೆ ಅವಳೇ ಕೈಮುಗಿದು ತಪ್ಪಾಯಿತು ಅನ್ನುತ್ತಾಳೆ. ಹಿನ್ನೆಲೆಯಲ್ಲಿ ಮೆಲ್ಲಗೆ ವೀಣೆ ನುಡಿಯುತ್ತದೆ. ನಮಗೂ ಕಣ್ಣು ತುಂಬುತ್ತದೆ.

ನಾಲ್ಕನೆಯದು ಬಹಳ ನಯವಾದದ್ದು: ಅವಳ ಗೆಲುವನ್ನು ಅವನು ಕೊಟ್ಟ ಉಡುಗೊರೆ ಮಾಡುವುದು. ಸ್ಟಾರ್ ಪ್ಲಸ್‌ನ 'ದಿಯಾ ಔರ್ ಬಾತಿ ಹಮ್' (2011–2016) ನೆನಪಿದೆಯಾ? ಸಂಧ್ಯಾಳಿಗೆ ಐಪಿಎಸ್ ಆಗುವ ಕನಸು. ಮಿಠಾಯಿ ಮಾರುವ ಗಂಡ ಸೂರಜ್ ಅವಳ ಬೆನ್ನಿಗೆ ನಿಲ್ಲುತ್ತಾನೆ. ಒಳ್ಳೆಯ ವಿಷಯವೇ. ಅಂಥ ಗಂಡಂದಿರು ಹೆಚ್ಚಾಗಲಿ. ಆದರೆ ಗಮನಿಸಿ, ಅವಳು ಪುಸ್ತಕ ಹಿಡಿಯುವ ಮೊದಲು ಗಂಡನ ಮನಸ್ಸು, ಅತ್ತೆಯ ಒಪ್ಪಿಗೆ ಎಂಬ ಎರಡು ಪರೀಕ್ಷೆ ಪಾಸಾಗಬೇಕು. ಯುಪಿಎಸ್‌ಸಿಗಿಂತ ಅವೇ ಕಠಿಣ. ಓದು ಅವಳ ಹಕ್ಕು ಅನ್ನುವುದಕ್ಕಿಂತ ಮನೆಯವರ ದೊಡ್ಡ ಮನಸ್ಸು ಎಂದೇ ನಮ್ಮ ತಲೆಯಲ್ಲಿ ಉಳಿಯುತ್ತದೆ.

ಬರೆಯುವವರದಷ್ಟೇ ತಪ್ಪಲ್ಲ

ಹಾಗಾದರೆ ಕಥೆ ಬರೆಯುವವರೆಲ್ಲ ಹೆಣ್ಣನ್ನು ಕೀಳಾಗಿ ನೋಡುತ್ತಾರಾ? ಅಷ್ಟು ಸುಲಭವಾಗಿ ಹೇಳಲು ಬರುವುದಿಲ್ಲ. ಅರ್ಧ ಕಾರಣ ವ್ಯಾಪಾರದಲ್ಲಿದೆ.

ದಿನದ ಧಾರಾವಾಹಿ ವಾರಕ್ಕೆ ಐದು, ಕೆಲವೊಮ್ಮೆ ಆರು ಕಂತು ಕೊಡಬೇಕು. ಇಷ್ಟು ಬೇಗ ಚಿತ್ರೀಕರಣ ಮುಗಿಯಬೇಕೆಂದರೆ ಒಂದು ದೊಡ್ಡ ಮನೆ ಬೇಕು: ನಡುಮನೆ, ಮೆಟ್ಟಿಲು, ಅಡುಗೆಮನೆ, ಮಲಗುವ ಕೋಣೆ. ನಾಯಕಿ ಕಚೇರಿಗೆ, ಕೋರ್ಟಿಗೆ, ಹಳ್ಳಿಗೆ ಹೋದರೆ ಪ್ರತಿ ಸಲ ಹೊಸ ಜಾಗ, ಹೊಸ ಖರ್ಚು. ಮದುವೆಯಾಗಿ ಆ ದೊಡ್ಡ ಮನೆಗೆ ಬಂದರೆ ಎಲ್ಲ ಪಾತ್ರಗಳೂ ಒಂದೇ ಸೂರಿನಡಿ ಸಿಗುತ್ತವೆ. ಹೀಗಾಗಿ ಅವಳ ಕೆಲಸ ಮೊದಲು ವಾರಕ್ಕೊಮ್ಮೆ ಕಾಣುತ್ತದೆ, ಆಮೇಲೆ ಬಾಯಿಮಾತಿನಲ್ಲಿ ಮಾತ್ರ ಉಳಿಯುತ್ತದೆ.

ಎರಡನೆಯದು ಟಿಆರ್‌ಪಿ. ದೇಶದಲ್ಲಿ ಟಿವಿ ವೀಕ್ಷಣೆ ಅಳೆಯುವ ಬಾರ್ಕ್ ಸಂಸ್ಥೆಯ ಅಂಕಿ 2015ರಿಂದ ಬರುತ್ತಿದೆ. ವಾರ ವಾರವೂ ಲೆಕ್ಕ. ಮದುವೆ ಕಂತಿಗೆ ಅಂಕ ಏರಿದರೆ ಇನ್ನೊಂದು ಮದುವೆ. ಕಣ್ಣೀರಿಗೆ ಏರಿದರೆ ಇನ್ನಷ್ಟು ಕಣ್ಣೀರು. ಕಥೆಗೆ ಎಲ್ಲಿ ನಿಲ್ಲಬೇಕು ಎಂಬುದೇ ಇರುವುದಿಲ್ಲ.

ಇದನ್ನು ತಿಳಿಯಲು ಒಂದು ಒಳ್ಳೆಯ ಹೋಲಿಕೆ ಇದೆ. 1987ರಲ್ಲಿ ಹಸೀನಾ ಮೊಯಿನ್ ಪಾಕಿಸ್ತಾನದ ಪಿಟಿವಿಗೆ 'ಧೂಪ್ ಕಿನಾರೆ' ಬರೆದರು. ಕಾನ್ಪುರದಲ್ಲಿ ಹುಟ್ಟಿ ಕರಾಚಿಗೆ ಹೋದ ಲೇಖಕಿ ಅವರು. ಅದರ ಕ್ಯಾಸೆಟ್‌ಗಳು ನಮ್ಮ ದೇಶದ ಮನೆಗಳಲ್ಲೂ ಕೈಯಿಂದ ಕೈಗೆ ಓಡಾಡಿದವು. ತುಂಟ ಡಾಕ್ಟರ್ ಜೋಯಾ, ಗಂಭೀರ ಹಿರಿಯ ಡಾಕ್ಟರ್ ಅಹ್ಮರ್. ಜೋಯಾಳಿಗೆ ಪ್ರೀತಿ ಹುಟ್ಟುತ್ತದೆ, ಆದರೆ ಅವಳ ಆಸ್ಪತ್ರೆ ಉಳಿಯುತ್ತದೆ, ತುಂಟತನವೂ ಉಳಿಯುತ್ತದೆ. ಬದಲಾಗಬೇಕಾದವನು ಮನಸ್ಸು ಬಿಗಿಹಿಡಿದ ಅಹ್ಮರ್. ಹದಿನಾಲ್ಕರ ಆಸುಪಾಸು ಕಂತು, ಕಥೆ ಮುಗಿಯಿತು. ಇದೇ ಕಥೆಯನ್ನು ಆಧರಿಸಿ 2011ರಲ್ಲಿ ಸೋನಿ ಚಾನೆಲ್ 'ಕುಛ್ ತೋ ಲೋಗ್ ಕಹೇಂಗೆ' ಎಂದು ಹಿಂದಿಯಲ್ಲಿ ತೆಗೆಯಿತು. ಅದು ದಿನದ ಧಾರಾವಾಹಿ, 2013ರವರೆಗೆ ನಡೆಯಿತು. ಮೂಲ ಕಥೆ ಎಲ್ಲಿ ಮುಗಿಯುತ್ತದೋ ಅಲ್ಲಿಂದಾಚೆಗೂ ಅದು ಓಡಬೇಕಾಯಿತು. ಇಬ್ಬರು ಒಂದಾದ ಮೇಲೂ ಕಥೆ ಓಡಬೇಕು ಅಂದರೆ ಅವರನ್ನು ಮತ್ತೆ ಮತ್ತೆ ಅಗಲಿಸಬೇಕು. ಅಗಲಿಸಲು ಯಾರಾದರೂ ದಡ್ಡರಾಗಬೇಕು. ನಮ್ಮ ಟಿವಿಯಲ್ಲಿ ಆ ಪಾಳಿ ಹೆಚ್ಚಾಗಿ ಹೆಣ್ಣಿನದು.

ಇನ್ನರ್ಧ ಕಾರಣ ಹಳೆಯ ರುಚಿ. ಗಟ್ಟಿ ಹೆಣ್ಣನ್ನು ಪಳಗಿಸಿ ನೋಡುವ ಆಸೆ ಟಿವಿ ಹುಟ್ಟಿಸಿದ್ದಲ್ಲ. ಶೇಕ್ಸ್‌ಪಿಯರ್‌ನ ಒಂದು ನಾಟಕದಲ್ಲೇ ಅದು ಇದೆ. ಪರ್ವತವಾಣಿ ಅದನ್ನು 'ಬಹದ್ದೂರ್ ಗಂಡ' ಎಂದು ಕನ್ನಡಕ್ಕೆ ತಂದರು. ಆಮೇಲೆ 1976ರಲ್ಲಿ 'ಬಹದ್ದೂರ್ ಗಂಡು', 1989ರಲ್ಲಿ 'ನಂಜುಂಡಿ ಕಲ್ಯಾಣ' ಸಿನಿಮಾಗಳೂ ಅದೇ ದಾರಿ ಹಿಡಿದು ಗೆದ್ದವು. ನಾವು ಸೀಟಿ ಹೊಡೆದು ನೋಡಿದವರೇ. ಹಾಗಾಗಿ ಬೆರಳು ತೋರಿಸುವಾಗ ಒಂದು ನಮ್ಮ ಕಡೆಗೂ ಇರಲಿ.

ಅಳುವುದು ಸೋಲಲ್ಲ

ಇಲ್ಲಿ ಒಂದು ತಪ್ಪು ತಿಳುವಳಿಕೆ ಆಗಬಾರದು. ಪ್ರೀತಿ ಮನುಷ್ಯರನ್ನು ಮೆತ್ತಗೆ ಮಾಡುತ್ತದೆ, ಗಂಡಸನ್ನೂ ಹೆಂಗಸನ್ನೂ. ಗಟ್ಟಿ ಹೆಣ್ಣು ಅಳಬಾರದು, ಯಾರಿಗೂ ಸೋಲಬಾರದು, ಮನೆಯವರಿಗಾಗಿ ಏನನ್ನೂ ಬಿಡಬಾರದು ಎಂದು ನಾನು ಹೇಳುತ್ತಿಲ್ಲ. ಕಷ್ಟ ಬಂದಾಗ ಅಳುವುದು ಬೇರೆ. ತನ್ನ ಬುದ್ಧಿ, ಕೆಲಸ, ಮಾತು ಮೂರನ್ನೂ ಬಾಗಿಲ ಹೊರಗೆ ಚಪ್ಪಲಿಯ ಹಾಗೆ ಬಿಟ್ಟು ಒಳಗೆ ಬರುವುದು ಬೇರೆ.

ಪ್ರೀತಿಯೂ ಗಟ್ಟಿತನವೂ ಒಟ್ಟಿಗೆ ಇರಬಲ್ಲವು ಎಂದು ತೋರಿಸಿದ ಟಿವಿಯೂ ನಮ್ಮಲ್ಲಿತ್ತು. 1989ರಲ್ಲಿ ದೂರದರ್ಶನದಲ್ಲಿ ಬಂದ 'ಉಡಾನ್' ಅಂಥದ್ದು. ಕವಿತಾ ಚೌಧರಿ ತಾವೇ ಬರೆದು, ನಿರ್ದೇಶಿಸಿ, ಐಪಿಎಸ್ ಅಧಿಕಾರಿ ಕಲ್ಯಾಣಿಯ ಪಾತ್ರ ಮಾಡಿದರು. ಪೊಲೀಸ್ ಅಧಿಕಾರಿಯಾಗಿದ್ದ ಅವರ ಅಕ್ಕ ಕಾಂಚನ್ ಚೌಧರಿ ಅವರ ಬದುಕೇ ಅದಕ್ಕೆ ಪ್ರೇರಣೆ. ಆ ಅಕ್ಕ ಮುಂದೆ 2004ರಲ್ಲಿ ದೇಶದ ಮೊದಲ ಮಹಿಳಾ ಡಿಜಿಪಿ ಆದರು. ಕಥೆಯಲ್ಲಿ ಕಲ್ಯಾಣಿಯನ್ನು ಮೆಚ್ಚುವ ಜಿಲ್ಲಾಧಿಕಾರಿಯೂ ಇದ್ದಾನೆ. ಅವನು ಬಂದ ಮೇಲೂ ಸಮವಸ್ತ್ರ ಸಮವಸ್ತ್ರವೇ.

ಟಿವಿ ಬಿಡಿ, ನಮ್ಮ ಚರಿತ್ರೆ ನೋಡಿ. ಖದೀಜಾ ರಜಿಯಲ್ಲಾಹು ಅನ್ಹಾ ಅವರು ಮದುವೆಗೆ ಮೊದಲೇ ವ್ಯಾಪಾರ ನಡೆಸುತ್ತಿದ್ದವರು. ಮದುವೆಯ ಪ್ರಸ್ತಾಪ ಹೋದದ್ದೂ ಅವರ ಕಡೆಯಿಂದ. ಮೊದಲ ವಹ್ಯ್ ಬಂದು ಪ್ರವಾದಿ ಸಲ್ಲಲ್ಲಾಹು ಅಲೈಹಿ ವಸಲ್ಲಮ್ ನಡುಗುತ್ತಾ ಮನೆಗೆ ಬಂದಾಗ ಹೊದಿಸಿ ಧೈರ್ಯ ಹೇಳಿದವರು ಅವರೇ. ಅಲ್ಲಿ ಪ್ರೀತಿ ಅವರನ್ನು ಚಿಕ್ಕವರನ್ನಾಗಿ ಮಾಡಲಿಲ್ಲ. ನಮ್ಮ ವಿಜಯಪುರದ ಚಾಂದ್ ಬೀಬಿ ಅಲಿ ಆದಿಲ್ ಶಾಹನ ರಾಣಿಯಾಗಿ ಬಂದರು. 1580ರಲ್ಲಿ ಗಂಡ ತೀರಿಕೊಂಡ ಮೇಲೆ ಎಳೆಯ ರಾಜಕುಮಾರನ ಪರವಾಗಿ ರಾಜ್ಯ ನೋಡಿಕೊಂಡರು. ಮುಂದೆ ತವರಾದ ಅಹಮದ್‌ನಗರದ ಕೋಟೆಯನ್ನು ಮೊಘಲರ ಎದುರು ನಿಂತು ಕಾಪಾಡಿದರು. ಬೇಗಂ ಬಜಾರ್ ಎಂಬ ಹೆಸರೇ ನೋಡಿ. ಎರಡನೇ ನಿಜಾಮ ಅಲಿ ಖಾನ್ ಅವರ ಪತ್ನಿ ಹಮ್ದಾ ಬೇಗಂ ಈ ಜಾಗವನ್ನು ವ್ಯಾಪಾರಿಗಳಿಗೆ ಕೊಟ್ಟರು, ಅದಕ್ಕೇ ಈ ಹೆಸರು ಬಂತು ಎಂದು ಹೇಳುತ್ತಾರೆ. ಇವತ್ತಿಗೂ ಬೀದರ್, ಕಲಬುರಗಿಯ ಅಂಗಡಿಯವರು ಸಗಟು ಪಾತ್ರೆ, ಒಣಹಣ್ಣು, ಮಸಾಲೆ ಕೊಳ್ಳಲು ಹೋಗುವುದು ಅಲ್ಲಿಗೇ.

ಕನ್ನಡದಲ್ಲಿ ಬರೆದ ನಮ್ಮ ಲೇಖಕಿಯರೂ ದಾರಿ ತೋರಿಸಿದ್ದಾರೆ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದರು. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಇವರ ಹೆಣ್ಣುಗಳು ಯಾವಾಗಲೂ ಗೆಲ್ಲುವುದಿಲ್ಲ. ಎಷ್ಟೋ ಸಲ ಸೋಲುತ್ತಾರೆ, ನೋಯುತ್ತಾರೆ. ಆದರೆ ಸೋತಾಗಲೂ ಅವರು ಏನು ಯೋಚಿಸಿದರು ಎಂಬುದು ಕಥೆಯ ನಡುವಿನಿಂದ ಕದಲುವುದಿಲ್ಲ. ಟಿವಿಯಲ್ಲಿ ಕಳೆದುಹೋಗುವುದು ಅದೇ.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ಧಾರಾವಾಹಿ ನೋಡಬೇಡಿ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ನೋಡಿ, ಆದರೆ ಲೆಕ್ಕ ಇಟ್ಟು ನೋಡಿ. ಒಂದು ವಾರ ನೋಟ್‌ಬುಕ್ ಹಿಡಿದು ಕೂತು ಇಷ್ಟು ಬರೆದುಕೊಳ್ಳಿ: ನಾಯಕಿ ಈ ವಾರ ತಾನಾಗಿಯೇ ತೆಗೆದುಕೊಂಡ ತೀರ್ಮಾನ ಎಷ್ಟು? ಅವಳ ಕೆಲಸದ ಜಾಗ ಎಷ್ಟು ಸಲ ಕಾಣಿಸಿತು? ಸಮಸ್ಯೆ ಬಿಡಿಸಿದವರು ಯಾರು? ಯಾರು ಯಾರ ಹತ್ತಿರ ತಪ್ಪಾಯಿತು ಅಂದರು? ಇದೇ ಪಟ್ಟಿಯನ್ನು ಧಾರಾವಾಹಿಯ ಮೊದಲ ವಾರದ ಕಂತುಗಳಿಗೂ ಹಾಕಿ, ಎರಡನ್ನೂ ಪಕ್ಕಪಕ್ಕ ಇಡಿ. ಅಮೆರಿಕದ ವ್ಯಂಗ್ಯಚಿತ್ರಕಾರ್ತಿ ಆಲಿಸನ್ ಬೆಕ್‌ಡೆಲ್ 1985ರ ಒಂದು ಚಿತ್ರಕಥೆಯಲ್ಲಿ ಹೇಳಿದ ಸುಲಭದ ಪರೀಕ್ಷೆಯನ್ನೂ ಸೇರಿಸಿಕೊಳ್ಳಿ: ಇಬ್ಬರು ಹೆಂಗಸರು ಒಬ್ಬರಿಗೊಬ್ಬರು, ಗಂಡಸಿನ ವಿಷಯ ಬಿಟ್ಟು, ಬೇರೆ ಏನಾದರೂ ಮಾತಾಡಿದರಾ?

ಈಗ ಖಾಲಾ ಅವರ ಮಗಳ ವಿಷಯ. ಬಿ.ಕಾಂ. ಕೊನೆಯ ವರ್ಷ, ಸಿಎ ಮಾಡಬೇಕೆಂದು ಎರಡು ವರ್ಷದಿಂದ ಹೇಳುತ್ತಿದ್ದಳು. ಕೋಚಿಂಗ್ ಶುಲ್ಕ ಎಷ್ಟು, ಯಾವ ಬ್ಯಾಚ್, ಎಲ್ಲ ವಿಚಾರಿಸಿಟ್ಟಿದ್ದಳು. ಆರು ತಿಂಗಳ ಹಿಂದೆ ನಿಕಾಹ್ ಗೊತ್ತಾಯಿತು. ಹುಡುಗ ಒಳ್ಳೆಯವನು, ಫೋನಿನಲ್ಲಿ ಮಾತಾಡುತ್ತಾರೆ, ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಇಷ್ಟ. ಅಲ್ಲಿಂದ ಅವಳು ಸಿಎ ಮಾತು ಎತ್ತಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಕೇಳಿದರೆ, "ಅವರು ಹೆಂಗ ಹೇಳ್ತಾರೋ ಹಂಗ" ಅಂದಳು.

ಆ ಮಾತನ್ನು ಟಿವಿಯೇ ಕಲಿಸಿತು ಎಂದು ಹೇಳಲಾರೆ. ಮನೆ, ನೆಂಟರು, ಓಣಿ ಎಲ್ಲವೂ ಕಲಿಸುತ್ತವೆ. ಆದರೆ ಪ್ರತಿ ರಾತ್ರಿ ಮೂರು ಭಾಷೆಯಲ್ಲಿ, ಚಂದದ ಸೀರೆ ಉಡಿಸಿ, ಹಾಡು ಹಾಕಿ ಅದನ್ನೇ ಹೇಳುವುದು ಟಿವಿ ಒಂದೇ. ಪ್ರೀತಿಸಿದರೆ ಹೀಗೆ ಆಗುತ್ತಾರೆ, ಹೀಗೆ ಆದರೆ ಮಾತ್ರ ಪ್ರೀತಿ ಎಂದು ಅದು ಒಪ್ಪಿಸಿಬಿಡುತ್ತದೆ.

ಆ ರಾತ್ರಿ ಖಾಲಾ ಟಿವಿಯ ಸದ್ದು ಇಳಿಸಿ ಮಗಳಿಗೆ ಹೇಳಿದರು: "ನಾ ಈ ಮನಿಗೆ ಬಂದಾಗ ಲೆಕ್ಕ ಬರ್ತಿತ್ತು. ನಿಮ್ಮ ಅಬ್ಬಾಗ ಬರ್ತಿರಲಿಲ್ಲ. ನನಗ ಬರೂದಿಲ್ಲ ಅಂತ ನಾ ಸುಮ್ಮ ಕುಂತಿದ್ದರ ಈ ಅಂಗಡಿ ಇರ್ತಿತ್ತೇನು? ಅವರಿಗೆ ನನ್ನ ಮ್ಯಾಲ ಪ್ರೀತಿ ಕಡಿಮಿ ಆಗ್ಯದೇನು?"

ನಾನು ಒಂದು ವಿಷಯ ನೆನಪಿಸಿದೆ. ನಿಕಾಹ್ ಅಂದರೆ ಒಪ್ಪಂದ. ಓದು, ಉದ್ಯೋಗ ಮುಂದುವರಿಸಲು ಅಡ್ಡಿ ಇರಬಾರದು ಎಂಬಂಥ ನ್ಯಾಯವಾದ ಶರತ್ತನ್ನು ನಿಕಾಹ್‌ನಾಮಾದಲ್ಲಿ ಬರೆಸಲು ಹೆಣ್ಣಿಗೆ ಅವಕಾಶ ಇದೆ. ಬಹಳ ಮನೆಗಳಲ್ಲಿ ಇದು ಗೊತ್ತೇ ಇಲ್ಲ. ಗೊತ್ತಿದ್ದರೂ ಕೇಳಲು ನಾಚಿಕೆ.

ಅವಳು ಎರಡು ದಿನ ಯೋಚಿಸಿ ಹುಡುಗನಿಗೆ ಫೋನ್ ಮಾಡಿದಳು. ಸಿಎ ಮುಗಿಸಬೇಕು, ಅದನ್ನು ಕಾಗದದಲ್ಲೂ ಬರೆಯೋಣ ಅಂದಳು. ಅವನು ಅಂದದ್ದು ಇಷ್ಟೇ: "ಬರೆಯೋಣ. ನೀವು ಆ ಮಾತು ನಿಲ್ಲಿಸಿದಿರಿ, ಬೇಡ ಅಂತ ಅನ್ನಿಸಿರಬೇಕು ಅಂದುಕೊಂಡಿದ್ದೆ."

ಯಾರೂ ಕಸಿದುಕೊಳ್ಳದ ವಸ್ತುವನ್ನು ಅವಳೇ ಕೆಳಗಿಟ್ಟಿದ್ದಳು. ಎತ್ತಿಕೊಳ್ಳಲು ಒಂದು ಫೋನ್ ಸಾಕಾಯಿತು. ಎಲ್ಲ ಹುಡುಗಿಯರಿಗೂ ಇಷ್ಟು ಸುಲಭ ಆಗುವುದಿಲ್ಲ, ಅದು ನನಗೆ ಗೊತ್ತು. ಆದರೆ ಕೇಳುವ ಮೊದಲೇ ಬಿಟ್ಟುಕೊಡುವುದನ್ನು ಪ್ರೀತಿ ಎಂದು ಕರೆಯುವುದನ್ನಾದರೂ ನಾವು ನಿಲ್ಲಿಸಬಹುದು. ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಟಿವಿ ಹಾಕಿದಾಗ ಪಕ್ಕದಲ್ಲಿ ಕೂತ ಮಗಳನ್ನು ಒಂದು ಸಲ ಕೇಳಿ ನೋಡಿ: ಈ ನಾಯಕಿ ಮೊದಲು ಏನಾಗಬೇಕು ಅಂತಿದ್ದಳು, ನೆನಪಿದೆಯಾ?